ಹತ್ತು ನಿಮಿಷದ ಊರು

ಅಂಕೋಲೆ ನನಗೆ ಹತ್ತೇ ನಿಮಿಷದ ಊರು.
ಕಾರವಾರ–ಕುಮಟಾ ರೂಟು, ಇಪ್ಪತ್ತೊಂಬತ್ತು ವರ್ಷ:
ಬಸ್ಸು ನಿಲ್ಲುವುದು, ಡ್ರೈವರ್ ಚಾಕ್ಕೆ ಇಳಿಯುವುದು,
ನಾನು ಕಂಟ್ರೋಲರನ ಕಿಟಕಿಗೆ ವೇಬಿಲ್ ಚಾಚುವುದು,
ಒಂದಕ್ಕೆ ಹೋಗಿ ಬರುವುದು, ಸೀಟಿ.
ಅಷ್ಟರಲ್ಲಿ ಅರ್ಧ ಬಸ್ಸು ಖಾಲಿಯಾಗಿ
ರಸ್ತೆಯಾಚೆ ವಿಠೋಬ ಮಹಾಲೆಯ ಅಂಗಡಿಗೆ ಓಡಿರುತ್ತಿತ್ತು.

ವಕೀಲರು, ಬಾಣಂತಿಯರು,
ಬುಟ್ಟಿ ಬರಿದು ಮಾಡಿಕೊಂಡ ಮೀನಿನ ಹೆಂಗಸರು,
ಸಕ್ಕರೆ ಕಾಯಿಲೆಯ ಹೆಡ್ಮಾಸ್ತರು, ಹೆಂಡತಿಗೆ ಬೆನ್ನು ತಿರುಗಿಸಿ.
ನಾನು ಮಾತ್ರ ಹೋದವನಲ್ಲ.
ಅಂಗೈಯಲ್ಲಿ ಚಿಲ್ಲರೆ, ಕಂಕುಳಲ್ಲಿ ಚೀಲ, ಬೆರಳ ಸಂದಿಯಲ್ಲಿ ನೋಟು.
ಐಸ್‌ಕ್ರೀಮನ್ನು ಎಲ್ಲಿಂದ ಹಿಡಿಯಲಿ?

ಆದರೆ ಅದರ ಮೂಲ ನನಗೆ ಗೊತ್ತು.
ಬೈತಖೋಲಿನ ಐಸ್ ಫ್ಯಾಕ್ಟರಿಯಿಂದ, ಬೆಳಗಿನ ಮೊದಲ ಟ್ರಿಪ್ಪಿಗೆ,
ಗೋಣಿ ಹೊದ್ದ ಮಂಜುಗಡ್ಡೆ ಹಿಂದಿನ ಬಾಗಿಲಲ್ಲಿ ಹತ್ತುತ್ತಿತ್ತು,
ಬಂಗಡೆಯ ದಾಯಾದಿಯಂಥ ವಾಸನೆ.
ಲಗೇಜು ಹರಿದಿದ್ದೇನೆ ಅದಕ್ಕೆ, ನಲವತ್ತು ಕಿಲೊ.
ಅವರ್ಸಾ ದಾಟುವಾಗ ಮೂವತ್ತೈದು;
ಉಳಿದದ್ದು ಜನರ ಚಪ್ಪಲಿಯಡಿ ಹರಿದು
ಮೆಟ್ಟಿಲಿಳಿದು ಹೈವೇ ಸೇರಿರುತ್ತಿತ್ತು.
"ಕರಗಿ ಹೋದದ್ದಕ್ಕೂ ದುಡ್ಡಾ ಮಾರಾಯ?" ಮಹಾಲೆ ಕೇಳುತ್ತಿದ್ದ.
"ಹತ್ತುವಾಗ ಕಲ್ಲಾಗಿತ್ತಲ್ಲ" ಎನ್ನುತ್ತಿದ್ದೆ.

ಒಂದು ಮೇ ತಿಂಗಳು. ಇಶಾಡ ಹಣ್ಣಿನ ಕಾಲ.
ಹನ್ನೊಂದು ಮೂವತ್ತೇಳು; ಇನ್ನು ತಡವಾದರೆ ಮೆಮೊ.
ಸೀಟಿ ಊದಿದೆ. ರೈಟ್ ಅಂದೆ.
ಪೇಟೆ ಮುಗಿಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಕೂಗು:
"ನನ್ನ ಹುಡುಗ!"
ಬಗ್ಗಿ ನೋಡಿದರೆ ರಸ್ತೆಯ ನಟ್ಟನಡುವೆ
ಏಳೆಂಟು ವರ್ಷದವ, ಎರಡೂ ಕೈಯಲ್ಲಿ ಕೋನು.
ಓಡಿದರೆ ಬೀಳುತ್ತದೆ, ನಿಂತರೆ ಬಸ್ಸು ಹೋಗುತ್ತದೆ.
ಆ ಲೆಕ್ಕ ಬಿಡಿಸುತ್ತ
ಓಡಿಯೂ ಓಡದ ಹಾಗೆ ಬರುತ್ತಿದ್ದ.

ಹತ್ತಿಸಿಕೊಂಡೆವು. ಮೊಣಕೈ ತನಕ ಹಳದಿ.
ಒಂದನ್ನೂ ನೆಕ್ಕಿರಲಿಲ್ಲ ಪೋರ;
ಅಮ್ಮನದು ಯಾವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲವೇನೋ.
"ಬಸ್ಸಿನಲ್ಲಿ ಆಗೂದಿಲ್ಲ, ಎಸಿ" ಎಂದದ್ದು ನಾನೇ.
ಎಸೆದ. ಕಿಟಕಿಯಿಂದ, ಒಂದಾದ ಮೇಲೊಂದು.
ಅಳಲಿಲ್ಲ.
ಮಾದನಗೇರಿ ತನಕ ಅಂಗೈ ಮೂಸುತ್ತ ಕೂತಿದ್ದ.
ಬಸ್ಸು ಕುಮಟೆ ಮುಟ್ಟಿದ್ದು ಸರಿಯಾದ ಹೊತ್ತಿಗೆ.

ಈಗ ನನ್ನ ಹತ್ತಿರ ಪಾಸಿದೆ, ಸೀಟಿಯಿಲ್ಲ.
ಇಳಿದೆ. ರಸ್ತೆ ದಾಟಿದೆ. ಎಷ್ಟು ಅಗಲ ಈ ರಸ್ತೆ!
ಮಹಾಲೆ ಗೋಡೆಯ ಮೇಲೆ, ಗಂಧದ ಹಾರದಲ್ಲಿ.
ಗಲ್ಲೆಯಲ್ಲಿ ಅವನ ಸೊಸೆ ಸುಲಭಾ:
"ಫ್ರಿಜ್ಜಿನದಾದರೆ ಈಗಲೇ. ತಿರುಗಿಸಿದ್ದು ಬೇಕಾದರೆ
ಹತ್ತು ನಿಮಿಷ ಆಗ್ತದೆ."
ನಾನು ನಕ್ಕದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಹಿಂದೆ ಮರದ ಪೀಪಾಯಿ, ಹಿಡಿಕೆ ಗರಗರ.
ಡಬ್ಬಿಯ ಸುತ್ತ ಮಂಜು, ಮಂಜಿನ ಮೇಲೆ
ಸಾಣಿಕಟ್ಟೆಯ ಉಪ್ಪು, ಮುಷ್ಟಿ ಮುಷ್ಟಿ.
"ಉಪ್ಪು ಬೀಳದೆ ಹಾಲು ಗಟ್ಟಿಯಾಗೂದಿಲ್ಲ" ಎಂದಳು,
"ಆದ್ರೆ ಒಂದು ಹರಳು ಒಳಗೆ ಹೋದ್ರೂ ಪೂರಾ ಚೆಲ್ಲಬೇಕು."
ಹೌದು, ಹೊರಗಿನದು ಹೊರಗೇ ಇರಬೇಕು.
ಇಪ್ಪತ್ತೊಂಬತ್ತು ವರ್ಷ ಇದ್ದೆ.

ಬಟ್ಟಲು ಬಂತು. ಮೊದಲ ಚಮಚಕ್ಕೆ
ಮುಂದಲೆ ಜುಮ್ಮೆಂದು, ಕಟ್ಟಿಸಿದ ಹಲ್ಲು ನೊಂದು,
ಆಮೇಲೆ ಮಾವು, ತಡವಾಗಿ, ಪಾಪ,
ದೂರದಿಂದ ನಡೆದು ಬಂದ ಹಾಗೆ.

ಅಷ್ಟರಲ್ಲಿ ಆಚೆ ಸೀಟಿ.
ಎದ್ದು ನಿಂತಿತು ಮೈ, ನನ್ನನ್ನು ಕೇಳದೆ;
ಕೈ ಕಂಕುಳ ತಡವಿತು.
ಕುಮಟಾ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಹುಡುಗಿ,
ಕೊರಳಲ್ಲಿ ಟಿಕೆಟ್ ಮಷೀನು,
ಯಾರದೋ ಮಗುವಿನ ಕೋನನ್ನು ತಾನು ಹಿಡಿದುಕೊಂಡು
ಮಗುವನ್ನು ಮೊದಲು ಹತ್ತಿಸುತ್ತಿದ್ದಾಳೆ.
ಖಾಕಿಯ ಮೇಲೆ ಹನಿ ಬಿತ್ತು.
ಯಾರೂ ನೋಡಲಿಲ್ಲವೆಂದು ಒಮ್ಮೆ ನೆಕ್ಕಿದಳು ಕೂಡ.

ಬಸ್ಸು ಹೋಯಿತು. ಕೂತೆ.
ನನ್ನ ಬಟ್ಟಲಲ್ಲಿ ಉಳಿದದ್ದು ನೀರಾಗಿತ್ತು; ಎತ್ತಿ ಕುಡಿದೆ.
"ಇನ್ನೊಂದು" ಎಂದೆ.
"ಹತ್ತು ನಿಮಿಷ" ಎಂದಳು ಸುಲಭಾ.