ಸಾವಿರದ ಐನೂರರಿಂದ ಕೆಳಗೆ

ಹೆಸರು ಹೋಯಿತು. ಸರ್ವೆ ನಂಬರು ಹೋಯಿತು.
ಎರಡು ಎಕರೆ ಹದಿನೇಳು ಗುಂಟೆ, ಚಕ್ಕುಬಂದಿ ಸಮೇತ,
ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಓಣಿ,
ಎಲ್ಲವೂ ಹೋಯಿತು ರೆಪ್ಪೆ ಬಡಿಯುವಷ್ಟರಲ್ಲಿ.
ಹೆಬ್ಬೆಟ್ಟು ಮಾತ್ರ ಹೋಗಲಿಲ್ಲ.

ಸಕಲೇಶಪುರದ ಸಬ್‌ರಿಜಿಸ್ಟ್ರಾರ್ ಕಚೇರಿ. ಟೋಕನ್ ಹದಿನಾಲ್ಕು.
ಹಕ್ಕು ಖುಲಾಸೆ ಪತ್ರ.
ದ್ಯಾವಮ್ಮ ಗಾಜಿನ ಮೇಲೆ ಮೂರು ಸಲ ಬೆರಳೂರಿ
ಮೂರು ಸಲ ಸೆರಗಿಗೆ ಒರೆಸಿಕೊಂಡರು.
"ಸವೆದು ಹೋಗಿರಬೇಕು ಕಣವ್ವ, ಮೆಣಸು ಬಿಡಿಸಿ ಬಿಡಿಸಿ."
ಸವೆದಿರಲಿಲ್ಲ.
ಗೆರೆಗೆರೆಯೂ ಬಂದಿತ್ತು ನನ್ನ ಪರದೆಯವರೆಗೆ,
ನಡುವೆ ಒಂದು ಕೊಯ್ದ ಗಾಯದ ಗುರುತು ಕೂಡ.
ಅಲ್ಲಿಂದಾಚೆ ಚಕ್ರ ತಿರುಗುತ್ತಿತ್ತು, ಅಷ್ಟೆ.

ಹಾಸನದಿಂದ ಇಮ್ತಿಯಾಜ್, ಫೋನಿನಲ್ಲಿ:
"ಎಂಟಿಯು ಮೇಡಂ.
ಹೊಸ ಲೈನಿನ ಹೊಟ್ಟೆಯೊಳಗೆ ಇನ್ನೊಂದು ಲೈನು ತೂರಿಸಿದಾರೆ.
ಸಾವಿರದ ಐನೂರರ ಪ್ಯಾಕೆಟ್ಟು ಹಿಡಿಸಲ್ಲ.
ಒಡೆದು ಕಳಿಸೋ ಹಾಗೂ ಇಲ್ಲ,
ಒಡೀಬ್ಯಾಡಿ ಅಂತ ಅದರ ಮೇಲೇ ಬರೆದಿರ್ತದೆ.
ಸಾವಿರದ ನಾನೂರು ಹಾಕ್ಬಿಡಿ ಸುಮ್ನೆ.
ಎರಡು ನಿಮಿಷದ ಕೆಲಸ."
ಅಡ್ಮಿನ್ ಪಾಸ್‌ವರ್ಡನ್ನೂ ಹೇಳಿದ, ಅಕ್ಷರ ಅಕ್ಷರ ಬಿಡಿಸಿ.
ಹೇಳಬಾರದಿತ್ತು.

ಅರ್ಥವಾಗದ್ದೇನಲ್ಲ, ನಮ್ಮೂರೇ ಹಾಗಲ್ಲವೆ.
ಘಾಟಿಯಲ್ಲಿ ಮಣ್ಣು ಜಾರಿದ ವಾರ
ಬೈಕು ಹೋಗುತ್ತದೆ, ಕಾರು ಹೋಗುತ್ತದೆ,
ಹದಿನಾರು ಗಾಲಿಯವನು ರಸ್ತೆ ಪಕ್ಕ
ಟೈರಿನ ನೆರಳಲ್ಲಿ ಅನ್ನಕ್ಕಿಡುತ್ತಾನೆ.
ಮಂಗಳೂರಲ್ಲಿ ಕಾಯುವವನನ್ನು ಕೇಳಿದರೆ
ದಾರಿ ತೆರೆದೇ ಇದೆಯಂತೆ.

ಕಪ್ಪು ಕಿಟಕಿ ತೆರೆದು ಆಜ್ಞೆ ಬರೆದೆ.
ಅಂಕಿ ಒಂದು ಬಾಕಿ.
ಆಗ ದ್ಯಾವಮ್ಮ ಕೇಳಿದರು,
ಅಣ್ಣನನ್ನಲ್ಲ, ಪತ್ರ ಬರೆದವನನ್ನಲ್ಲ,
ನನ್ನ ಮಾನಿಟರಿನ ಬೆನ್ನನ್ನು:
"ಒತ್ತಿದ್ದು ಹೋಗಿಲ್ಲ ಅಂದ್ರೆ
ಒತ್ತೇ ಇಲ್ಲ ಅಂತ್ಲಾ?"

ನಾನು ಸಾವಿರದ ನಾನೂರು ಹಾಕಲಿಲ್ಲ.

ಸಾವಿರದ ನಾನೂರ ತೊಂಬತ್ತೆರಡು. ಹಿಡಿಸಲಿಲ್ಲ.
ಎಂಬತ್ತನಾಲ್ಕು. ಎಪ್ಪತ್ತಾರು.
ತೂಕ ಹೆಚ್ಚಾದ ತಕ್ಕಡಿಯಿಂದ ಸಾಹುಕಾರ
ಒಂದೊಂದೇ ಕಾಳುಮೆಣಸು ತೆಗೆಯುವ ಹಾಗೆ
ಎಂಟೆಂಟೇ ಇಳಿಸಿದೆ.
ಪ್ರತಿ ಸಲವೂ ಚಕ್ರ ತಾನಾಗಿ ಸೋಲಲಿ ಎಂದು
ಮೂರು ಮೂರು ನಿಮಿಷ ಕಾದೆ.
ಯಾರಾದರೂ ಕೇಳಿದರೆ ಉತ್ತರವಿತ್ತು:
ಸಣ್ಣದು ಮಾಡಿದಷ್ಟೂ ವೇಗ ಕುಂದುತ್ತದೆ,
ಹಿಡಿಸುವುದರಲ್ಲೇ ದೊಡ್ಡದನ್ನು ಹುಡುಕಬೇಕು.
ಸುಳ್ಳಲ್ಲ ಅದು. ಅದಕ್ಕಾಗಿಯೂ ಅಲ್ಲ.

ಅರವತ್ತೆಂಟಕ್ಕೆ ಅವರು ಹೋಗಿ ಬೆಂಚಿನ ಮೇಲೆ ಕೂತರು.
ಐವತ್ತೆರಡಕ್ಕೆ ಎಲೆಗೆ ಸುಣ್ಣ ಹಚ್ಚಿ,
ಬಾಯಿಗೆ ಹಾಕದೆ, ಹಾಗೇ ಮಡಿಸಿಟ್ಟರು.
ಮೂವತ್ತಾರಕ್ಕೆ ಅಣ್ಣೇಗೌಡರು
"ಏನವ್ವ ಇದು, ಇನ್ನೂ ಎಷ್ಟೊತ್ತು?" ಅಂದರು,
ತಂಗಿಗೋ ನನಗೋ.
ಇಪ್ಪತ್ತಕ್ಕೆ ತಲೆಯೆತ್ತಿದೆ.
ಬೆಂಚಿನ ಮೇಲೆ ಚೀಲವೂ ಇರಲಿಲ್ಲ.
ಹೊರಗೆ ಯಸಳೂರಿನ ಬಸ್ಸು ರಿವರ್ಸ್ ತೆಗೆಯುತ್ತಿತ್ತು,
ಕಂಡಕ್ಟರು ಬಡಿಯುತ್ತಿದ್ದ ತಗಡಿನ ಸದ್ದು.

ಸಾವಿರದ ನಾನೂರ ಹನ್ನೆರಡು.
ಪರೀಕ್ಷೆಗೆಂದು ನನ್ನದೇ ಹೆಬ್ಬೆಟ್ಟು ಊರಿದೆ.
ಹೋಯಿತು, ಹಸಿರು ಗೆರೆ ತುದಿ ಮುಟ್ಟಿತು.
ಆರು ವರ್ಷದ ಹಿಂದೆ ಬೇಲೂರಿನಲ್ಲೂ
ಹೀಗೇ ಹೋಗಿತ್ತು, ಒಂದೇ ಏಟಿಗೆ.
ಆವತ್ತು ಲೈನು ಚೆನ್ನಾಗಿತ್ತು.

ಅಣ್ಣೇಗೌಡರು ಚಪ್ಪಲಿ ಹುಡುಕುತ್ತ ಓಡಿದರು.
ರಿಜಿಸ್ಟರಿನಲ್ಲಿ ಬರೆದೆ: ಬಾಕಿ. ಕಾರಣ, ನೆಟ್‌ವರ್ಕ್.
ಯಂತ್ರ ಆರಿಸಿ ಹಚ್ಚಿದರೂ ಅಳಿಯದ ಹಾಗೆ
ಅಂಕಿಯನ್ನು ಉಳಿಸಿಟ್ಟೆ.

ಟೋಕನ್ ಹದಿನೈದು.
ಮದುವೆ ನೋಂದಣಿಗೆ ಬಂದ ಹುಡುಗಿ ಆಗಲೇ ಎದುರಿಗಿದ್ದಳು,
ಬೆರಳು ಒರೆಸಿಕೊಂಡು,
ಯಾವ ಕೈದು ಎಂದು ಕೇಳುತ್ತ.