ಕಲಮು ನೂರಾ ಇಪ್ಪತ್ತೊಂದು

ಬಾಗಲಕೋಟೆ ನವನಗರ, ಲಾ ಕಾಲೇಜಿನ ಮೇಲ್ಮಹಡಿ.
ಸಮುದ್ರ ಕಂಡವರು ಕೈ ಎತ್ತಿ ಎಂದೆ.
ನಲವತ್ತೊಂದು ಮಂದಿಯಲ್ಲಿ ಎದ್ದದ್ದು ಆರು ಕೈ,
ಅದರಲ್ಲೊಂದು ಗೋಕರ್ಣದ ಟ್ರಿಪ್ಪು ನೆನೆದು ನಗುತ್ತಿತ್ತು.

ಬೋರ್ಡಿನ ಮೇಲೆ ಎರಡು ದೇಶ ಬರೆದೆ, ನಡುವೆ ನೀರು.
ಕೈವಾರದ ಮುಳ್ಳನ್ನು ಒಮ್ಮೆ ಆ ದಂಡೆಗೆ
ಒಮ್ಮೆ ಈ ದಂಡೆಗೆ ಊರಿ
ಸಮದೂರದ ಗೆರೆ ಎಳೆದೆ, ಚಾಕ್‌ಪೀಸು ಮುರಿಯುವಷ್ಟು ಒತ್ತಿ.
ಇದು ಮೊದಲ ಗೆರೆ ಅಷ್ಟೇ, ಅಂದೆ.
ಆಮೇಲೆ ಕೋರ್ಟು ನೋಡುತ್ತದೆ
ಯಾರ ಕರಾವಳಿ ಉದ್ದ, ಯಾರದು ಒಳಬಾಗಿದೆ,
ಚೂರು ಸರಿಸಿದರೆ ಎಷ್ಟು ಅನ್ಯಾಯ ತಗ್ಗೀತು.

ಕೊನೆಯ ಬೆಂಚಿನಿಂದ ನೀಲಮ್ಮ ಬಾರಕೇರ:
"ಸರ್, ನಮ್ಮಲ್ಲೂ ಹಿಂಗ ಮಾಡ್ಯಾರ."

ಹಿನ್ನೀರು ಬಂದ ವರ್ಷ
ಬದು, ಬನ್ನಿಗಿಡ, ಸರ್ವೆಕಲ್ಲು ಎಲ್ಲ ಅಡಿಗೆ ಹೋಗಿ
ಯಾರ ಬಲೆ ಎಲ್ಲಿತನಕ ಎಂದು ಎರಡು ದಂಡೆಗೂ ಹೊಡೆದಾಟ.
ಒಡೆದ ತಲೆ ಎರಡು. ಹರಿದ ಬಲೆಗೆ ಲೆಕ್ಕವಿಲ್ಲ.
ಕಡೆಗೆ ಹಿರಿಯರು ಅಂದರಂತೆ:
ಬೆಳ್ಳಿಚುಕ್ಕಿ ಮೂಡಿದ ಕೂಡಲೇ
ಅಲ್ಲಿಂದೊಂದು ದೋಣಿ, ಇಲ್ಲಿಂದೊಂದು ದೋಣಿ,
ಮೂತಿಗೆ ಮೂತಿ ತಾಗಿದಲ್ಲಿ ಗಡಿ.

"ಆದ್ರ ಆಚೀ ದಂಡ್ಯಾಗ ಹರೇದ ಹುಡುಗರು ಇದ್ದಿಲ್ರಿ,
ಗೋವಾಕ್ಕ ದುಡ್ಯಾಕ ಹೋಗಿದ್ರು.
ಹುಟ್ಟು ಹಿಡದಾಂವ ಎಪ್ಪತ್ತು ದಾಟಿದ ಸಾಬಣ್ಣ ಮುತ್ಯಾ.
ನಡುನೀರು ಇನ್ನ ಇಷ್ಟ ದೂರ ಅನ್ನೂವಾಗ
ನಮ್ಮಪ್ಪ ತಿರುಗಿ ನೋಡಿದ್ನಂತ,
ಆ ಕಡೀ ಕಂದೀಲು ಅಲುಗಾಡವಲ್ದು.
ಹುಟ್ಟು ಮ್ಯಾಲೆತ್ತಿ ಬೀಡಿ ಹಚ್ಚಿದ.
ಒಂದ ಬೀಡಿ. ಆಮ್ಯಾಲ ಇನ್ನೊಂದು."

ಎರಡು ಬೀಡಿಯಷ್ಟು ಆ ನೀರಿಗೆ
ನನ್ನ ಪುಸ್ತಕದಲ್ಲಿ ಉದ್ದನೆಯ ಹೆಸರಿದೆ.
ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಪುಟ ತಿರುವಿ ಬಂಡೆಗಳ ಕಲಮು ಓದಿದೆ:
ಮನುಷ್ಯರು ಬಾಳಲಾಗದ, ತನ್ನದೇ ಬದುಕಿಲ್ಲದ ಬಂಡೆಗೆ
ಸುತ್ತ ಹನ್ನೆರಡು ಮೈಲಿ ಸಿಕ್ಕೀತು,
ಅದರಾಚೆಯ ಮೀನಿನ ಮೇಲೆ ಹಕ್ಕಿಲ್ಲ.

ಮತ್ತೆ ಅವಳ ಕೈ.
"ಬ್ಯಾಸಗ್ಯಾಗ ನೀರು ಇಳದಾಗ
ಹಳೇ ಊರಿನ ಗರಡಿಮನಿ ಗ್ವಾಡಿ ಮ್ಯಾಲ ಬರ್ತೈತ್ರಿ, ನಾಕು ಮೊಳ.
ಬೆಳ್ಳಕ್ಕಿ ಕುಂದರತಾವ.
ಮಂದಿ ಇರಾಕ ಆಗಂಗಿಲ್ಲ, ಖರೆ.
ಆದ್ರ ಇದ್ರಲ್ರಿ ಸರ್, ಮೊದಲ.
ಅದು ಬಂಡೆ ಅನಿಸ್ಕೋತೈತೇನು?"

ಹೊರಗೆ ಯಾರೋ ಬೈಕು ಒದೆಯುತ್ತಿದ್ದರು, ಹತ್ತುತ್ತಿರಲಿಲ್ಲ.
ಕಲಮು ನೂರಾ ಇಪ್ಪತ್ತೊಂದು, ಮೂರನೇ ಉಪಕಲಮು:
ಹದಿನಾರು ವರ್ಷ ಪಾಠ ಮಾಡಿದ್ದೇನೆ,
ಅದರಲ್ಲಿ ಭೂತಕಾಲವಿಲ್ಲ ಎಂದು
ಅವತ್ತು ನೋಡಿದೆ.