ಧ್ವನಿ ಪರೀಕ್ಷೆ

ಹನ್ನೊಂದು ವರ್ಷ, ಕಾರವಾರದ ಕಚೇರಿಯ ಮೇಲ್ಮಹಡಿಯಲ್ಲಿ
ಸಾಹೇಬರು ಬರುವ ಮೊದಲು ಅವರ ಕುರ್ಚಿಯಲ್ಲಿ ನಾನೇ ಕೂತು
ಹಲೋ, ಒಂದು ಎರಡು ಮೂರು, ಕೇಳಿಸ್ತಿದೆಯಾ ಅನ್ನುತ್ತಿದ್ದೆ.
ಕೇಳಿಸ್ತಿದೆ, ಅನ್ನುತ್ತಿತ್ತು ಬೆಳಗಾವಿ.
ಎದ್ದುಬಿಡುತ್ತಿದ್ದೆ.
ಆಮೇಲೆ ಮಾತು ಅವರದು, ವೈರು ನನ್ನದು.

ಈಗ ಕೋಡಿಬಾಗದ ಬಾಡಿಗೆ ಕೋಣೆ,
ಬೆನ್ನ ಹಿಂದೆ ಕಲೆಬಿದ್ದ ಗೋಡೆಗೆ ಹೆಂಡತಿಯ ನೀಲಿ ಸೀರೆ.
ದೂರಶಿಕ್ಷಣ, ಬಿ.ಕಾಂ. ಮೊದಲ ವರ್ಷ, ರಾತ್ರಿ ಎಂಟರ ಪಾಠ.
ಈ ಕುರ್ಚಿ ಬಿಡಿಸಿಕೊಳ್ಳಲು ಯಾರೂ ಬರುವುದಿಲ್ಲ.
ಜಮೆ, ಖರ್ಚು ಅನ್ನುವಷ್ಟರಲ್ಲಿ ಗಂಟಲು ಆರಿತು.

ಇಪ್ಪತ್ತಾರು ಕಪ್ಪು ಚೌಕ. ಒಂದರಲ್ಲಿ ಶೇವಂತಿ ಹರಿಕಂತ್ರ, ತದಡಿ.
ಅವಳ ಮೈಕಿನಿಂದ ದೋಣಿಯ ಎಂಜಿನ್ನು, ಐಸು ಒಡೆಯುವ ಸದ್ದು,
ಬಂಗಡೆ ಬುಟ್ಟಿಗೆ ಯಾರೋ ಕೂಗುವ ದರ.
ಹಳೆಯ ಕೈ ತಾನಾಗಿ ಮ್ಯೂಟಿಗೆ ಹೋಯಿತು.
ತಡೆದೆ.
ಆ ದರವನ್ನೇ ಹಲಗೆಗೆ ಬರೆದೆ: ಬುಟ್ಟಿಗೆ ಎಂಟುನೂರು,
ಐಸು ಕಳೆಯಿರಿ, ಡೀಸೆಲ್ ಕಳೆಯಿರಿ.

ಕೇಳಿಸ್ತಿದೆಯಾ?
ಯಾರೂ ಮಾತಾಡಲಿಲ್ಲ.

ಒಂಬತ್ತನೇ ದಿನ ಅಂಚೆಯಲ್ಲಿ ಬಂತು ಅವಳ ಉತ್ತರಪತ್ರಿಕೆ,
ಅಂಚಿಗೆ ಅಂಟಿದ ಒಂದು ಮೀನಿನ ಹುರುಪೆ,
ಕೊನೆಗೆ ಪೆನ್ಸಿಲ್ಲಿನಲ್ಲಿ:
ಸರ್, ಹೊರುವವಳ ಕೂಲಿ ಬಿಟ್ಟಿದ್ದೀರಿ.